ಗಡಿ ದಾಟಿ ಬಂದ ನಿರ್ದೇಶಕ

ಚಿಂಚೋಳಿ ತಾಲ್ಲೂಕಿನ ಚಂದಾಪುರದ ಕಡೆಯ ಮನೆಗಳಲ್ಲಿ ಕನ್ನಡ ತೆಲುಗುಗಳು ಒಂದೇ ಅಂಗಳದಲ್ಲಿ ಆಡಿ ಬೆಳೆಯುವ ಮಕ್ಕಳಿದ್ದಂತೆ. ತೆಲುಗು ಕವಿಯೊಬ್ಬರು ಕನ್ನಡ ಚಿತ್ರಕ್ಕೆ ಹೊಸ ಹಾದಿ ತೋರಿದರೆಂಬ ಮಾತು ಅಲ್ಲಿಯ ಜನಕ್ಕೆ ಸೋಜಿಗವೆನಿಸದು. ಆ ಕವಿಯೇ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿ.

1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ಅವರು ಅಮೆರಿಕೆಯ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದರು. ಛಂದಸ್ಸಿನ ಕಟ್ಟನ್ನು ಅಣಕಿಸುವ ಕವಿತೆಗಳಿಂದ ತೆಲುಗಿನಲ್ಲಿ ಹೆಸರಾದರು. ಅಲ್ಲಿಯ ಚಿತ್ರನಿರ್ಮಾಣದಲ್ಲಿಯೂ ಕೈಯಾಡಿಸಿದರು. ಆದರೆ ಅವರೊಳಗಿನ ನಿರ್ದೇಶಕ ಕಣ್ತೆರೆದುದು ಕನ್ನಡದಲ್ಲಿ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಅವರು 1970ರಲ್ಲಿ ತೆರೆಗೆ ತಂದರು. ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದವರು ಗಿರೀಶ ಕಾರ್ನಾಡರು, ನಾರಣಪ್ಪನಾದವರು ಪಿ. ಲಂಕೇಶರು, ಚಂದ್ರಿಯಾದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಅಗ್ರಹಾರದಲ್ಲಿ ಹೆಣವೊಂದು ಸಂಸ್ಕಾರವಿಲ್ಲದೆ ಬಿದ್ದಿರುವ ಕಥೆಗೆ ಹಾಡು ಕುಣಿತಗಳ ಹಂಗಿರಲಿಲ್ಲ. ಮದರಾಸಿನ ಸೆನ್ಸಾರ್ ಮಂಡಲಿ ಚಿತ್ರವನ್ನು ತಡೆಹಿಡಿಯಿತು. ನಿಷೇಧ ತೆರವಾದ ಮೇಲೆ ಅದೇ ಚಿತ್ರ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಗಳಿಸಿತು. ಕನ್ನಡಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು.

ಗೆದ್ದವರ ಬಾಳು ಸುಖಾಂತವಾಗಬೇಕೆಂಬ ನಿಯಮವಾದರೂ ಎಲ್ಲಿದೆ? 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುವರ್ಷ ಸ್ನೇಹಲತಾ ಬಂಧಿತರಾಗಿ ಬೆಂಗಳೂರಿನ ಸೆರೆಮನೆ ಸೇರಿದರು. ಉಬ್ಬಸದಿಂದ ನರಳುತ್ತಿದ್ದ ಆ ಜೀವಕ್ಕೆ ಅಲ್ಲಿನ ತಿಂಗಳುಗಳು ಮುಳುವಾದವು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತೆರೆಯ ಮೇಲೆ, ಸತ್ತವನೊಬ್ಬನಿಗೆ ಬೆಂಕಿ ಕೊಡುವವರಿಲ್ಲವೆಂದು ಊರವರ ಮುಂದೆ ಅಂಗಲಾಚಿದ್ದ ಚಂದ್ರಿ ಅವರೇ. ಅಂದು ಅವರ ಬೇಡಿಕೆಯನ್ನು ಚಿತ್ರಿಸಿದ ಕಣ್ಣುಗಳೇ ಈಗ ಅವರ ಚಿತೆಯನ್ನು ನೋಡಬೇಕಾಯಿತು.

ಪಟ್ಟಾಭಿಯವರು ಮೌನಕ್ಕೆ ಶರಣಾಗಲಿಲ್ಲ. ಲಂಕೇಶರ ನಾಟಕವನ್ನು ಆಧರಿಸಿ ‘ಚಂಡಮಾರುತ’ವನ್ನು ನಿರ್ದೇಶಿಸಿದರು, ಮುಂದೆ ‘ಶೃಂಗಾರಮಾಸ’, ‘ದೇವರ ಕಾಡು’ ಬಂದವು. ಮೂರು ದಶಕಗಳಲ್ಲಿ ಅವರು ಮಾಡಿದ ಚಿತ್ರಗಳು ಬೆರಳೆಣಿಕೆಯಷ್ಟು. ಸಂಖ್ಯೆಯಿಂದಲೇ ಸಾಧನೆಯನ್ನು ಅಳೆಯುವವರಿಗೆ ಅದು ಅಲ್ಪವೆನಿಸೀತು. ಆದರೆ ಒಂದೇ ದೀಪದಿಂದ ಹಲವು ದೀಪಗಳು ಹೊತ್ತಿಕೊಳ್ಳುವುದುಂಟು. ‘ಸಂಸ್ಕಾರ’ದ ಬೆನ್ನಲ್ಲೇ ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ಗಳು ಕನ್ನಡದ ಕೀರ್ತಿಯನ್ನು ಹೊರನಾಡಿಗೆ ಒಯ್ದವು.

2006ರಲ್ಲಿ ಬೆಂಗಳೂರಿನಲ್ಲಿಯೇ ಅವರು ಕಣ್ಮುಚ್ಚಿದರು. ತಾಯ್ನುಡಿ ಯಾವುದೇ ಇರಲಿ, ಒಲಿದು ಬಂದ ನಾಡಿಗಾಗಿ ಇಷ್ಟನ್ನು ಕೊಟ್ಟು, ಇಷ್ಟನ್ನು ಕಳೆದುಕೊಂಡವರು ಪರಕೀಯರಾಗುವುದುಂಟೆ?