ಆಟದ ಕಾರಿಗೂ ಒಂದು ಲೆಕ್ಕ

ಟ್ರ್ಯಾಕ್ಟರಿನ ಆಯಿಲ್ ಬದಲಿಸಿದ ಲೆಕ್ಕ ಬರೆದಿಡೋ ಪುಸ್ತಕದ ಹಿಂದಿನ ಪುಟಗಳಲ್ಲಿ ಮಗನ ರಿಮೋಟ್ ಕಾರಿನ ಲೆಕ್ಕವೂ ಇದೆ. ನಗಬೇಡಿ ಮಾರಾಯ್ರೆ. ಹೋದ ಸಲ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅದರ ಲಿಪೊ ಬ್ಯಾಟರಿ ಫುಲ್ ಚಾರ್ಜಿನಲ್ಲೇ ಎರಡು ತಿಂಗಳು ಅಟ್ಟದ ಮೇಲೆ ಉಳಿದುಬಿಟ್ಟಿತು. ತೆಗೆದು ನೋಡಿದರೆ ಪೂರಿ ಥರ ಉಬ್ಬಿದೆ! ಪಕ್ಕದಲ್ಲೇ ಗೋಣಿಚೀಲದ ರಾಶಿ, ಹತ್ತಿಕೊಂಡಿದ್ದರೆ?

ಮಗನಿಗೆ ಬೈದೆ. "ಕೊನೇ ಸಲ ಚಾರ್ಜಿಗೆ ಹಾಕಿದ್ದು ನೀನೇ ಅಪ್ಪಾ" ಅಂದ. ಬರೆದಿಟ್ಟಿದ್ದರಲ್ವಾ ಜಗಳ ತೀರೋದು!

ಈಗ ಓಡಿಸಿದ ದಿನ, ಚಾರ್ಜ್ ಮಾಡಿದವರ ಹೆಸರು, ಎತ್ತಿಡುವಾಗಿನ ವೋಲ್ಟೇಜ್ ಎಲ್ಲ ಬರೀತೀವಿ. ಸೆಲ್ಲಿಗೆ 4.2 ಅಂದ್ರೆ ಫುಲ್; ಎತ್ತಿಡೋಕೆ 3.8ರ ಆಸುಪಾಸು ಸಾಕು.

ಟ್ರ್ಯಾಕ್ಟರಿನ ಲೆಕ್ಕ ಮಾತ್ರ ಜೂನಿಗೇ ನಿಂತಿದೆ. ಮಗ ದಿನಾ ತೋರಿಸ್ತಾನೆ.