ಕೇಳಿಸಿದ್ದಷ್ಟನ್ನೇ ಬರಿ

ಕಳೆದ ತಿಂಗಳು ಒಂದು ಫ್ಯಾಕ್ಟ್ ಫೈಂಡಿಂಗ್‌ಗೆ ಹೋಗಿದ್ದಾಗ ಜೊತೆಗಿದ್ದ ಹುಡುಗನೊಬ್ಬ ಕೇಳಿದ: "ಅಣ್ಣಾ, ಯಾರು ಏನ್ ಹೇಳಿದ್ರೂ ಎಷ್ಟು ಗಂಟೆ, ಎಲ್ಲಿ ನಿಂತಿದ್ದೆ, ನೀನೇ ನೋಡಿದ್ಯಾ ಅಂತ ಕೇಳ್ತೀರಲ್ಲ, ಲಾ ಓದಿದ್ದೀರಾ?" ಇಲ್ಲಪ್ಪ, ರೇಡಿಯೋ ಕೇಳಿದ್ದೀನಿ ಅಂದೆ. ತಮಾಷೆ ಅಂದ್ಕೊಂಡು ನಕ್ಕ. ತಮಾಷೆ ಅಲ್ಲ, ಅದಕ್ಕೇ ಬರೀತಿದ್ದೀನಿ.

80ರ ದಶಕ. ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಂದು ಹಳೇ ಮೂರು ಬ್ಯಾಂಡಿನ ಟ್ರಾನ್ಸಿಸ್ಟರ್ ಕೊಟ್ಟಿದ್ದ. ಸೆಲ್ಲು ಸತ್ತರೆ ಬಿಸಿಲಲ್ಲಿಟ್ಟು ಇನ್ನೆರಡು ದಿನ ಎಳೀತಿದ್ವಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ತಾಮ್ರದ ತಂತಿ ತಂದು, ತುದಿಯನ್ನು ಬ್ಲೇಡಲ್ಲಿ ಕೆರೆದು, ಕೇರಿಯ ಹುಣಸೆಮರಕ್ಕೆ ಎಳೆದು ಕಟ್ಟಿದೆ. ಅವತ್ತು ರಾತ್ರಿ 31 ಮೀಟರ್ ಬ್ಯಾಂಡಲ್ಲಿ ಮುಳ್ಳು ತಿರುಗಿಸಿದರೆ ಕೂದಲೆಳೆಗೊಂದು ದೇಶ! "ಏನ್ಲಾ ಅದು, ಎಣ್ಣೇಲಿ ಸಾಸಿವೆ ಸಿಡ್ದಂಗೆ" ಅಂತ ಅಮ್ಮ ಬೈಯೋಳು. ಶಾರ್ಟ್‌ವೇವ್ ಅಲೆಗಳು ಮೇಲೆ ಹೋಗಿ, ಅಯಾನುಗೋಳಕ್ಕೆ ತಾಗಿ, ಬಾಗಿ ವಾಪಸ್ ನೆಲಕ್ಕೆ ಬರ್ತವೆ. ನೆಲದಿಂದ ಮತ್ತೆ ಮೇಲಕ್ಕೆ. ಹಂಗೆ ನೆಗೆದೂ ನೆಗೆದೂ ಸಾವಿರಾರು ಮೈಲಿ ದಾಟ್ತವೆ. ಇದೆಲ್ಲ ತಿಳಿದದ್ದು ಆಮೇಲೆ.

ಬರೀ ಕೇಳೋದಲ್ಲ, ಕೇಳಿದ್ದನ್ನು ಸ್ಟೇಷನ್ನಿಗೆ ವರದಿ ಮಾಡೋದು ಈ ಹವ್ಯಾಸದ ಜೀವ. ತಾರೀಖು, ಗ್ರೀನ್‌ವಿಚ್ ಸಮಯ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ), ಎಷ್ಟು ಕಿಲೋಹರ್ಟ್ಸ್, ಯಾವ ನಿಮಿಷದಲ್ಲಿ ಏನು ಹೇಳಿದರು. ನನ್ನ ವಾಚನ್ನು ಬಿಬಿಸಿಯ ಪಿಪ್ ಪಿಪ್‌ಗೆ ಸರಿಮಾಡ್ಕೊಳ್ತಿದ್ದೆ, ಕೊನೆಯ ಉದ್ದ ಪಿಪ್ಪಿಗೆ ಗಂಟೆ. ಆಮೇಲೆ ಸಿನ್ಪೋ ಅಂತ ಐದು ಅಂಕೆ: ಸಿಗ್ನಲ್ ಬಲ, ಪಕ್ಕದ ಸ್ಟೇಷನ್ನಿನ ಕಾಟ, ಗದ್ದಲ, ಅಲೆಯ ಏರಿಳಿತ, ಒಟ್ಟಾರೆ. ಒಂದೊಂದಕ್ಕೂ 1ರಿಂದ 5. ವರದಿ ತಾಳೆಯಾದರೆ ಕ್ಯೂಎಸ್‌ಎಲ್ ಕಾರ್ಡು ಕಳಿಸ್ತಾರೆ. (ಬಿಬಿಸಿಯವರು ಮಾತ್ರ ಕೊಡ್ತಿರಲಿಲ್ಲ. ದೊಡ್ಡಸ್ತಿಕೆ!)

ಕಾರ್ಡಿನ ಆಸೆಗೆ ಒಂದು ಸ್ಟೇಷನ್ನಿಗೆ ಐದಕ್ಕೆ ಐದೂ ಹಾಕಿ, ಬಹಳ ಚೆನ್ನಾಗಿ ಕೇಳಿಸ್ತು ಅಂತ ಹೊಗಳಿ ಬರೆದೆ. ನಿಜಕ್ಕೂ ಕೇಳಿಸಿದ್ದು ಅರ್ಧಂಬರ್ಧ. ಕಾರ್ಡು ಬರಲಿಲ್ಲ, ಕಾಗದ ಬಂತು: ಕಾರ್ಯಕ್ರಮದ ವಿವರ ಸಾಲದು, ಮತ್ತು ನಮಗೆ ಬೇಕಾದ್ದು ಹೊಗಳಿಕೆಯಲ್ಲ, ಅಲ್ಲಿ ಹೇಗೆ ಕೇಳಿಸ್ತದೆ ಅನ್ನೋದು. ನಾಚಿಕೆಯಾಯ್ತು. ಯೋಚಿಸಿದರೆ, ಮೇಲಿನವರಿಗೆ ಹಿತವಾಗೋದನ್ನು ಹೇಳಿ ಬಚಾವಾಗೋದು ನಮ್ಮ ಕೇರಿಗೆ ತಲೆಮಾರುಗಳಿಂದ ಕಲಿಸಿದ ವಿದ್ಯೆ. ಅವತ್ತಿಂದ ಲಾಗ್ ಬುಕ್ಕಲ್ಲಿ ಎರಡಿದ್ದರೆ ಎರಡೇ ಬರೆದೆ. ಕೇಳಿಸದ ಕಡೆ "ಕೇಳಿಸಲಿಲ್ಲ".

ಮೊದಲ ಕಾರ್ಡು ಬಂದದ್ದು ರೇಡಿಯೋ ನೆದರ್‌ಲೆಂಡ್ಸ್‌ನಿಂದ. ಸ್ಟೇಷನ್ ಹಿಲ್ವರ್ಸಮ್ಮಲ್ಲಿದ್ದರೂ ನನಗೆ ಕೇಳಿಸಿದ್ದು ಅವರ ಮಡಗಾಸ್ಕರ್ ಟ್ರಾನ್ಸ್‌ಮಿಟರ್. ನಮ್ಮ ಕೇರಿಯ ಟಪಾಲನ್ನು ಅಂಚೆಯವನು ಊರೊಳಗಿನ ಅಂಗಡಿ ಜಗುಲಿಯಲ್ಲಿ ಬಿಟ್ಟು ಹೋಗೋನು. ನಾವು ಕೆಳಗೆ ನಿಂತು ಕೇಳಬೇಕು, ಮೇಲಿಂದ ಹಾಕೋರು. ಆ ಕಾರ್ಡೂ ಹಂಗೇ ಮಣ್ಣಿಗೆ ಬಿತ್ತು. ಎತ್ತಿಕೊಂಡು ಓದಿದೆ: ನನ್ನ ಹೆಸರು, ನಾನು ಬರೆದ ತಾರೀಖು, ಸಮಯ, ಫ್ರೀಕ್ವೆನ್ಸಿ, ಎಲ್ಲ ಸರಿಯಿದೆ ಅಂತ. ನಮ್ಮೋರು ಸ್ಟೇಷನ್ ಮೆಟ್ಟಿಲು ಹತ್ತಿ ಏನೇ ಹೇಳಿದರೂ ಊರಿನವರೊಬ್ಬರು ಬಂದು "ಹೌದು" ಅನ್ನಬೇಕಿತ್ತು. ಈ ಕಾರ್ಡಿಗೆ ಯಾರ "ಹೌದೂ" ಬೇಕಾಗಿರಲಿಲ್ಲ.

ಬಾಬಾಸಾಹೇಬರು 1956ರ ಮೇ 20ರಂದು ವಾಯ್ಸ್ ಆಫ್ ಅಮೆರಿಕದಲ್ಲಿ ಭಾರತದ ಪ್ರಜಾಪ್ರಭುತ್ವದ ಭವಿಷ್ಯದ ಬಗ್ಗೆ ಮಾತಾಡಿದ್ದರು ಅಂತ ಗೊತ್ತಾದದ್ದು ಸಂಘಟನೆಗೆ ಬಂದ ಮೇಲೆ. ಪ್ರಜಾಪ್ರಭುತ್ವದ ಬೇರು ಸರ್ಕಾರದ ರೂಪದಲ್ಲಿಲ್ಲ, ಜನ ಜನರ ಸಂಬಂಧದಲ್ಲಿದೆ, ಜಾತಿ ಅದನ್ನೇ ಕಡಿಯುತ್ತೆ ಅನ್ನೋದು ಅವರ ಮಾತಿನ ಸಾರ. ಅವತ್ತು ಯಾವುದಾದರೂ ಕೇರಿಯಲ್ಲಿ ಒಂದು ಸೆಟ್ ಇತ್ತಾ, ಯಾರಾದರೂ ಕೇಳಿದ್ರಾ ಅಂತ ಈಗಲೂ ಯೋಚಿಸ್ತೀನಿ.

ಈಗ ಬ್ಯಾಂಡುಗಳು ಬರಿದಾಗ್ತಿವೆ. ರೇಡಿಯೋ ನೆದರ್‌ಲೆಂಡ್ಸ್ 2012ರಲ್ಲಿ ಇಂಗ್ಲಿಷ್ ಪ್ರಸಾರ ನಿಲ್ಲಿಸಿತು, ಬಿಬಿಸಿ ಹಿಂದಿಯ ಶಾರ್ಟ್‌ವೇವ್ 2020ರ ಜನವರಿ 31ಕ್ಕೆ ಮುಗೀತು, 2025ರ ಮಾರ್ಚಲ್ಲಿ ವಾಯ್ಸ್ ಆಫ್ ಅಮೆರಿಕದ ಸಿಬ್ಬಂದಿಯನ್ನೇ ಮನೆಗೆ ಕಳಿಸಿದರು. ಎಲ್ಲ ನೆಟ್ಟಲ್ಲಿದೆಯಲ್ಲ ಅಂತೀರಿ. ಗಲಾಟೆಯಾದ ಊರಲ್ಲಿ ಸರ್ಕಾರ ಮೊದಲು ಕತ್ತರಿಸೋದು ನೆಟ್ಟನ್ನೇ ಅಲ್ವಾ?

ಆ ಫ್ಯಾಕ್ಟ್ ಫೈಂಡಿಂಗ್ ಊರಿಗೆ ಬರ್ತೀನಿ. ಗುಂಪು ಕೇರಿಗೆ ನುಗ್ಗಿದ್ದು ಎಷ್ಟು ಗಂಟೆಗೆ ಅಂದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಗಡಿಯಾರ ನೋಡೋಕೆ ಬಾರದ ಒಬ್ಬ ಅಜ್ಜಿ ಮಾತ್ರ, "ರೇಡಿಯೋದಲ್ಲಿ ಬೆಳಗಿನ ವಾರ್ತೆ ಆಗ್ತಾನೇ ಶುರುವಾಗಿತ್ತು ಕಣಪ್ಪ, ಆಫ್ ಮಾಡಿ ಬಾಗ್ಲು ಹಾಕ್ಕೊಂಡೆ" ಅಂದಳು. ಎಷ್ಟು ಜನ ಇದ್ರು ಅಜ್ಜೀ? "ನಾ ಎಣಿಸ್ಲಿಲ್ಲ. ಕಂಡೋರು ನಾಕು ಜನ, ಮಿಕ್ಕಿದ್ದು ಸದ್ದು." ಹಾಗೇ ಬರಕೋ, ಒಂದಕ್ಷರ ಹೆಚ್ಚು ಬೇಡ ಅಂದೆ ಹುಡುಗನಿಗೆ.

ನಿಮ್ಮ ಅಟ್ಟದ ಮೇಲೆ ಶಾರ್ಟ್‌ವೇವ್ ಸೆಟ್ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಇನ್‌ಬಾಕ್ಸಿಗೆ ಬನ್ನಿ. ಹುಡುಗ ಒಂದು ಬೇಕು ಅಂತಿದ್ದಾನೆ. ತಂತಿ ನಾನು ಕೊಡ್ತೀನಿ.

ಜೈಭೀಮ್.