ಮುರಿದ ಎಲುಬು ಕಲಿಸಿದ ಪಾಠ

2023ನೆಯ ಇಸವಿಯ ಜೂನ್ ತಿಂಗಳಲ್ಲಿ, ಶಾಲೆಯು ತೆರೆದ ವಾರದಲ್ಲಿಯೇ, ಮಳೆಯಲ್ಲಿ ನೆನೆದ ಮೆಟ್ಟಲುಗಳ ಮೇಲೆ ನಾನು ಜಾರಿಬಿದ್ದು ಬಲಗಾಲಿನ ಎಲುಬನ್ನು ಮುರಿದುಕೊಂಡದ್ದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ನೆನಪಿರಬಹುದು. ನಾಲ್ಕು ತಿಂಗಳು ಕಳೆದರೂ ಅದು ಕೂಡಲಿಲ್ಲ. ಆಗ ನಮ್ಮ ಶಾಲೆಯ ಆಯಮ್ಮನವರು, ಕೊಡವನ್ನೆತ್ತುವಾಗ ತೋಳಿನ ಮಾಂಸಖಂಡ ಹರಿದು ಬಹಳ ನೋಯುತ್ತಿದ್ದುದರಿಂದ, ಒಂದು ಜಾಹೀರಾತನ್ನು ತಂದು ತೋರಿಸಿ, "ಅಮ್ಮಾ, ಸ್ಟೆಮ್ ಸೆಲ್ ಅಂತ ಸೂಜಿ ಹಾಕಿದರೆ ಪೂರಾ ವಾಸಿಯಾಗುತ್ತಂತೆ. ಹೋಗಲೇನಮ್ಮಾ?" ಎಂದು ಕೇಳಿದರು. ನನ್ನ ನೋವಿನಲ್ಲಿಯೇ ಮುಳುಗಿದ್ದ ನಾನು ಏನನ್ನೂ ವಿಚಾರಿಸದೆ, "ಅಚ್ಚಾಗಿ ಬಂದಿದೆಯಲ್ಲಾ, ಹೋಗಿ ನೋಡಿರಿ" ಎಂದುಬಿಟ್ಟೆನು.

ಮುಂದಿನ ತಿಂಗಳು ನನ್ನ ಕಾಲಿನ ವಿಷಯವಾಗಿ ಅದೇ ಪ್ರಶ್ನೆಯನ್ನು ವೈದ್ಯರಿಗೆ ಹಾಕಿದೆನು. ಅವರು ತಾಳ್ಮೆಯಿಂದ ವಿವರಿಸಿದರು.

ಎಲುಬಿನೊಳಗಿನ ಮಜ್ಜೆಯಲ್ಲಿ ಯಾವ ಒಂದು ಕೆಲಸಕ್ಕೂ ಇನ್ನೂ ನೇಮಕವಾಗದ ಕೆಲವು ಜೀವಕೋಶಗಳುಂಟು, ಇವೇ ಕಾಂಡಕೋಶಗಳು. ತಾವು ವೃದ್ಧಿಯಾಗುತ್ತಾ, ಬೇಕಾದಾಗ ಎಲುಬನ್ನು ಕಟ್ಟುವ ಕೋಶಗಳಾಗಿ ಮಾರ್ಪಡುವ ಶಕ್ತಿ ಇವುಗಳಿಗಿದೆ. ಮುರಿದ ಸ್ಥಳದಲ್ಲಿ ಇವು ಸಾಲದೆ ಹೋದರೆ, ರೋಗಿಯ ಸೊಂಟದ ಎಲುಬಿನಿಂದಲೇ ಮಜ್ಜೆಯನ್ನು ಸೂಜಿಯಿಂದ ತೆಗೆದು, ಸಾಂದ್ರಗೊಳಿಸಿ, ಅಲ್ಲಿಗೆ ಸೇರಿಸಬಹುದು. ಫ್ರಾನ್ಸ್ ದೇಶದ ಫಿಲಿಪ್ ಎರ್ನಿಗೂ ಎಂಬ ವೈದ್ಯರೂ ಅವರ ಸಂಗಡಿಗರೂ, ಕೂಡದೆ ನಿಂತಿದ್ದ 60 ಕಾಲೆಲುಬುಗಳಿಗೆ ಹೀಗೆ ಮಾಡಲಾಗಿ 53 ಕೂಡಿದವೆಂದು 2005ರಲ್ಲಿ ಪ್ರಕಟಿಸಿದರು. ಕೂಡದ 7 ಎಲುಬುಗಳಿಗೆ ಸೇರಿಸಿದ್ದ ಮಜ್ಜೆಯಲ್ಲಿ ಈ ಕೋಶಗಳು ಕಡಿಮೆಯಾಗಿದ್ದವು.

ಮಾಂಸಖಂಡದ ಸಂಗತಿ ಬೇರೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬವರು ಕಪ್ಪೆಯ ಮಾಂಸಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರ ಎಳೆಗಳ ಅಂಚಿಗೆ ಅಂಟಿಕೊಂಡಿರುವ ಚಿಕ್ಕ ಕೋಶಗಳನ್ನು ಕಂಡರು. ಪೆಟ್ಟಾದಾಗ ಇವು ಎಚ್ಚೆತ್ತು, ಹೆಚ್ಚಿ, ಒಂದಾಗಿ ಕೂಡಿ ಹೊಸ ಎಳೆಗಳನ್ನು ಕಟ್ಟುವವು. ಆದರೆ ಅವನ್ನು ಹೊರಗೆ ಬೆಳೆಯಿಸಿ ಸೂಜಿಯಿಂದ ಸೇರಿಸಿದರೆ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುವವು. ಆದಕಾರಣ ಹರಿದ ಮಾಂಸಖಂಡಕ್ಕೆ ಈ ಚಿಕಿತ್ಸೆಯು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ರುಜುವಾತಾಗದ ಇಂಥ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ನಡಿಸಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಹೇಳಿತು.

"ನಿಮ್ಮ ಎಲುಬು ನಿಧಾನವಾಗಿದೆ, ನಿಂತಿಲ್ಲ. ಎಕ್ಸ್-ರೇಯಲ್ಲಿ ಕೂಡುವ ಸೂಚನೆ ಕಾಣುತ್ತಿದೆ. ಕಾಯಿರಿ" ಎಂದು ವೈದ್ಯರು ಮಾತು ಮುಗಿಸಿದರು.

ಆ ಸಂಜೆಯೇ ಆಯಮ್ಮನವರನ್ನು ಕರೆಸಿದೆನು. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣವನ್ನು ಅವರು ಆಗಲೇ ಕಟ್ಟಿ ಬಂದಿದ್ದರು. ತೋಳು ಮೊದಲಿನಂತೆಯೇ ಇತ್ತು. ಅವರು ನನ್ನನ್ನು ದೂರಲಿಲ್ಲ. "ನೀವು ಓದಿದೋರು, ನೀವು ಹೇಳಿದ ಮೇಲೆ ಹೋದೆನಮ್ಮಾ" ಎಂದರು, ಅಷ್ಟೇ. ಮಗಳ ಶುಲ್ಕಕ್ಕೆ ನಾನೂ ಉಪಾಧ್ಯಾಯಿನಿಯರೂ ನೆರವಾದೆವು. ಏಳನೆಯ ತಿಂಗಳಲ್ಲಿ ಯಾವ ಸೂಜಿಯೂ ಇಲ್ಲದೆ ನನ್ನ ಎಲುಬು ಕೂಡಿತು. ಆದರೆ ಆ ಮಾತು ಇಂದಿಗೂ ನೋಯುತ್ತದೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ವೈದ್ಯರೂ ದಾದಿಯರೂ ಆಗುವಿರಿ. ಎಲ್ಲರೂ ನಿಮ್ಮ ನಿಮ್ಮ ಬೀದಿಯಲ್ಲಿ ಓದಿದವರೆನಿಸಿಕೊಳ್ಳುವಿರಿ. ಯಾರಾದರೂ ಒಂದು ಕಾಗದವನ್ನು ಹಿಡಿದು ನಿಮ್ಮಲ್ಲಿಗೆ ಬಂದರೆ, ಈ ಚಿಕಿತ್ಸೆಯನ್ನು ಎಷ್ಟು ಮಂದಿಗೆ ಕೊಟ್ಟರು, ಎಷ್ಟು ಮಂದಿಗೆ ಗುಣವಾಯಿತು, ಯಾರ ಅನುಮತಿಯಿಂದ ಕೊಡುತ್ತಾರೆ ಎಂಬ ಮೂರನ್ನು ವಿಚಾರಿಸಿದ ಮೇಲೆಯೇ ಉತ್ತರ ಕೊಡಿರಿ. ನಾನು ಮಾಡದೆ ಹೋದದ್ದು ಅದನ್ನೇ.